ಕರ್ರಗ ಬೇಕೋ, ತಣ್ಣಗ ಬೇಕೋ?

2025ರ ಮಾರ್ಚ್, ಎರಡನೆಯ ವಾರ. ಮುಂಡರಗಿ ಕಡೆಯ ನಮ್ಮ ಹೊಲದಲ್ಲಿ ಬಿಳಿಜೋಳದ ರಾಶಿ ಮುಗಿಸಿಕೊಂಡು ಧಾರವಾಡಕ್ಕೆ ವಾಪಸ್ ಹೊರಟಿದ್ದೆವು. ಗದಗ ಇನ್ನೂ ಬಂದಿರಲಿಲ್ಲ, ಹಿಂದಿನ ಸೀಟಿನಲ್ಲಿ ಪರ್‍ರ್ ಅಂತ ಏನೋ ಹರಿದ ಸದ್ದು. ಕನ್ನಡಿಯಲ್ಲಿ ನೋಡಿದರೆ ನನ್ನ ಹೆಂಡತಿ ಚೀಲದ ಬಾಯಿಗೆ ಹಚ್ಚಲು ಒಯ್ದಿದ್ದ ಅಗಲ ಟೇಪನ್ನು ಹರಿದು, ಎಡಗಡೆ ಗ್ಲಾಸಿಗೆ ಹಿಂದಿನ ದಿನದ ಪೇಪರ್ ಅಂಟಿಸುತ್ತಿದ್ದಾಳೆ.

"ಏನ್ ಮಾಡಾಕತ್ತಿ?"

"ನೀವು ಮುಂದ ನೋಡಿ ಗಾಡಿ ಹೊಡೀರಿ. ಇಲ್ಲೆ ಹುಡುಗಿ ಗಲ್ಲ ಹಂಚಿನ ಮ್ಯಾಲಿನ ರೊಟ್ಟಿ ಆಗೇತಿ."

ಮಗಳಿಗೆ ಆರು ವರ್ಷ. ಎಡಗಡೆಯೇ ಕೂರಬೇಕು ಅಂತ ಅವಳ ಹಟ. ಮುಂದಿನ ಸೀಟು ಮಡಚಿದಾಗ ಅದೇ ಬಾಗಿಲಿನಿಂದ ಹತ್ತುವುದು, ಹತ್ತಿದ ಕೂಡಲೇ ಸಿಗುವ ಜಾಗ ಅದು. ಮುಂದಿನ ಸೀಟು ಅವ್ವನದು, ಅದರಲ್ಲಿ ಚರ್ಚೆಯೇ ಇಲ್ಲ. ಎಪ್ಪತ್ತರ ಮೊಣಕಾಲು ನಮ್ಮ ಜೀಪಿನಂಥ ಮಹೀಂದ್ರಾ ಥಾರ್‌ನ ಹಿಂದಿನ ಸೀಟಿಗೆ ಹತ್ತುವುದಿಲ್ಲ. ಹಾಗಾಗಿ ಎ.ಸಿ.ಯ ಗಾಳಿಯೆಲ್ಲ ಅವ್ವನಿಗೆ ಮತ್ತು ನನಗೆ. ಹಿಂದೆ ಎ.ಸಿ. ಕಿಂಡಿಯೇ ಇಲ್ಲ, ಪಕ್ಕದ ಗ್ಲಾಸು ಕೆಳಗಿಳಿಯುವುದಿಲ್ಲ. ಮೂರು ಬಾಗಿಲಿನ ಹಾರ್ಡ್‌ಟಾಪ್ ಅಂದರೆ ಅಷ್ಟೇ: ಮುಂದೆ ಕೂತವರಿಗೆ ಗತ್ತು, ಹಿಂದೆ ಕೂತವರಿಗೆ ಪ್ರಾಯಶ್ಚಿತ್ತ.

ನನ್ನ ಗಾಡಿ 2021ರ ಮಾಡೆಲ್, ಸೆಕೆಂಡ್ ಹ್ಯಾಂಡ್ ತೊಗೊಂಡದ್ದು. ಆಫ್‌ರೋಡ್ ಅಂದ ಕೂಡಲೇ ಗುಡ್ಡ ಹತ್ತಿಸಿ ಫೋಟೋ ಹಾಕುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಹತ್ತಿರದ ಕಪ್ಪತಗುಡ್ಡ 2019ರಲ್ಲೇ ವನ್ಯಜೀವಿ ಧಾಮವಾಗಿದೆ, ಅಲ್ಲಿ ಗಾಲಿ ತಿರುಗಿಸುವ ಮಾತೇ ಇಲ್ಲ. ನನ್ನ ಆಫ್‌ರೋಡ್ ಏನಿದ್ದರೂ ಡಾಂಬರ್ ರಸ್ತೆಯಿಂದ ಹೊಲದವರೆಗಿನ ಚಕ್ಕಡಿ ದಾರಿ. ಎರಿ ಮಣ್ಣು. ಒಂದು ಹದ ಮಳೆ ಬಿದ್ದರೆ ಗಾಲಿಗೆ ಹೋಳಿಗೆ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ನಾಲ್ಕೂ ಗಾಲಿ ಎಳೆಯುವ ಗಾಡಿ ಬೇಕಾದದ್ದು ಆ ಮೂರು ಕಿಲೋಮೀಟರಿಗೆ. ಉಳಿದ ನೂರಕ್ಕೂ ಹೆಚ್ಚು ಕಿಲೋಮೀಟರ್ ಬರೀ ಬಿಸಿಲು.

ಆ ರಾತ್ರಿಯೇ ತೀರ್ಮಾನಿಸಿದೆ, ಹಿಂದಿನ ಮೂರೂ ಗ್ಲಾಸಿಗೆ ಕೂಲಿಂಗ್ ಪೇಪರ್, ಅಂದರೆ ಬಿಸಿಲು ತಡೆಯುವ ಫಿಲ್ಮ್ ಹಚ್ಚಿಸುವುದು. ನಿಜ ಹೇಳಬೇಕೆಂದರೆ ಮಗಳ ಗಲ್ಲ ಒಂದು ನೆಪ. ಕರಿ ಥಾರ್‌ಗೆ ಕರಿ ಗ್ಲಾಸ್ ಇದ್ದರೆ ಅದರ ಖದರೇ ಬೇರೆ ಅಂತ ಗಾಡಿ ತಂದ ದಿನದಿಂದ ಮನಸ್ಸಿನಲ್ಲಿತ್ತು. ನೆಪ ಸಿಕ್ಕಿರಲಿಲ್ಲ.

ಆದರೆ ಫೆಬ್ರುವರಿಯ ಒಂದು ಸಂಜೆ ತಲೆಯಿಂದ ಹೋಗಿರಲಿಲ್ಲ. ಕಡಲೆ ರಾಶಿಗೆ ಅಂತ ಗೆಳೆಯನೊಬ್ಬ ತನ್ನ ಗಾಡಿ ತಂದಿದ್ದ. ನನ್ನದೇ ಮಾಡೆಲ್, ಸುತ್ತಲೂ ಕರಿ ಫಿಲ್ಮ್, ಅಂಗಡಿಯವರು 20 ಅಂತ ಕರೆಯುವ ಜಾತಿ, ಅಂದರೆ ನೂರರಲ್ಲಿ ಇಪ್ಪತ್ತು ಪಾಲು ಬೆಳಕನ್ನಷ್ಟೇ ಬಿಡುವಂಥದ್ದು. ನಡು ಮಧ್ಯಾಹ್ನ ಆ ಗಾಡಿ ನೋಡಿ ಹೊಟ್ಟೆ ಉರಿದದ್ದು ಸುಳ್ಳಲ್ಲ. ಹೊತ್ತು ಮುಳುಗಿದ ಮೇಲೆ ಬಣವಿಗೂ ಒಡ್ಡಿಗೂ ನಡುವೆ ರಿವರ್ಸ್ ತೆಗೆಯಬೇಕಾಯಿತು. ಥಾರ್‌ನ ಹಿಂದಿನ ಗ್ಲಾಸು ಮೊದಲೇ ಚಿಕ್ಕದು, ಅದರ ಕೆಳಭಾಗವನ್ನು ಸ್ಟೆಪ್ನಿ ನುಂಗಿರುತ್ತದೆ. ಅದರ ಮೇಲೆ ಕರಿ ಪದರ. ರಿವರ್ಸ್ ಲೈಟಿನ ಬೆಳಕು ಹೊರಗೆ ಬಿದ್ದದ್ದು ಒಳಗೆ ಬರಲೇ ಇಲ್ಲ. ಹಿಂದಿನ ಸೆನ್ಸರ್ ಪೀಂ ಪೀಂ ಅಂತ ಒಂದೇ ಸಮ ಕೂಗುತ್ತಿತ್ತು, ಆದರೆ ಹೊಲದಲ್ಲಿ ಅದು ಹುಲ್ಲಿಗೂ ಕೂಗುತ್ತದೆ, ಕಲ್ಲಿಗೂ ಕೂಗುತ್ತದೆ, ಯಾರು ಕೇಳುತ್ತಾರೆ? ನಮ್ಮ ಆಳುಮಗ ಓಡಿ ಬಂದು ಬಾಡಿ ಬಡಿದ: "ನಿಂದ್ರಸ್ರಿ, ನಿಂದ್ರಸ್ರಿ ಅಣ್ಣಾರ, ಚಕ್ಕಡಿ ಐತಿ!" ಇಳಿದು ನೋಡಿದರೆ ಚಕ್ಕಡಿಯ ಮೂಕಿಗೂ ಸ್ಟೆಪ್ನಿಗೂ ನಡುವೆ ಒಂದು ಗೇಣು. ಎತ್ತು ಬಿಚ್ಚಿ ಕಟ್ಟಿದ್ದರು, ಪುಣ್ಯ.

ಗೆಳೆಯ ನಕ್ಕು ಬಿಟ್ಟ. ನಾನೂ ನಕ್ಕೆ. ಆದರೆ ಹಿಂದಿನ ಗ್ಲಾಸಿಗೆ ಕರಿ ಬೇಕೋ ಬೇಡವೋ ಅನ್ನುವ ಪ್ರಶ್ನೆ ಅವತ್ತೇ ಅರ್ಧ ಇತ್ಯರ್ಥವಾಗಿತ್ತು. ನಾನು ಒಪ್ಪಿಕೊಳ್ಳಲು ಎರಡು ತಿಂಗಳು ಹಿಡಿಯಿತು, ಅಷ್ಟೇ.

ಮೊದಲು ಹೋದದ್ದು ಹುಬ್ಬಳ್ಳಿಯ ಒಂದು ಅಂಗಡಿಗೆ, ಹೆಸರು ಬೇಡ. ಸೀಟ್ ಕವರ್, ಮ್ಯಾಟ್, ಹಾರ್ನ್, ಎಲ್ಲ ಮಾರುವವರು. "ಸರ್, 50 ಫಿಲ್ಮ್ ಹಾಕ್ಸ್ರಿ, ಸೈಡಿಗೆ 50 ಅಂದ್ರ ಪೂರಾ ಲೀಗಲ್. ಮೂರೂ ಗ್ಲಾಸ್ ಸೇರಿ 1,800 ಕೊಡ್ರಿ ಸಾಕು" ಅಂದ. ಐದು ವರ್ಷದ ಗ್ಯಾರಂಟಿ, ಅದೂ ಬಾಯಿಮಾತಿನದು. ಅಡ್ವಾನ್ಸ್ ಕೊಡಲು ಜೇಬಿಗೆ ಕೈ ಹಾಕಿದವನು ಯಾಕೋ ತಡೆದು ನಮ್ಮ ಷಡ್ಡಕನಿಗೆ ಫೋನ್ ಹಚ್ಚಿದೆ. ಅವನು ಧಾರವಾಡದಲ್ಲಿ ವಕೀಲ. ಫೋನಿನಲ್ಲಿ ಎರಡು ನಿಮಿಷದಲ್ಲಿ ಹೇಳುವುದನ್ನು ಮನೆಗೆ ಕರೆಸಿ, ಚಹಾ ಕುಡಿಸಿ, ಒಂದು ತಾಸು ಹೇಳುವ ಮನುಷ್ಯ. ಈ ಸಲ ಅದರಿಂದ ಲಾಭವೇ ಆಯಿತು.

ಅವನು ಹೇಳಿದ್ದರ ಸಾರ ಇದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೆಯ ನಿಯಮ ಗ್ಲಾಸಿನದು. ಮುಂದಿನ ಮತ್ತು ಹಿಂದಿನ ಗ್ಲಾಸಿನಲ್ಲಿ ಶೇ. 70, ಪಕ್ಕದ ಗ್ಲಾಸಿನಲ್ಲಿ ಶೇ. 50 ಬೆಳಕಾದರೂ ಹಾಯಬೇಕು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಇದನ್ನು ಬಿಗಿ ಮಾಡಿತು: ಆ ಪ್ರಮಾಣ ಗ್ಲಾಸು ತಯಾರಾಗುವಾಗಲೇ ಇರಬೇಕಾದದ್ದು, ಆಮೇಲೆ ಅಂಟಿಸಿದ ಫಿಲ್ಮ್ ಎಷ್ಟೇ ತೆಳುವಿದ್ದರೂ ನಡೆಯದು ಅಂತ. ಮೇ 4ರಿಂದ ದೇಶದ ತುಂಬ ಪೊಲೀಸರು ಬ್ಲೇಡ್ ಹಿಡಿದು ನಿಂತದ್ದು ಆಗಲೇ. ಝಡ್ ಮತ್ತು ಝಡ್ ಪ್ಲಸ್ ಭದ್ರತೆ ಇರುವವರಿಗೆ ಮಾತ್ರ ವಿನಾಯಿತಿಗೆ ಅವಕಾಶ ಉಳಿಸಿತ್ತು. "ನಿನಗ ಝಡ್ ಪ್ಲಸ್ ಐತೇನು?" ಅಂತ ಕೇಳಿದ. ಮನೆಯಲ್ಲಿ ನನಗೆ ಬಿಸಿ ನೀರೇ ಕೊನೆಗೆ ಸಿಗುವುದು ಅಂದೆ.

"ಆದ್ರ ಕತಿ ಅಲ್ಲಿಗೇ ನಿಂತಿಲ್ಲ" ಅಂತ ಇನ್ನೊಂದು ಕಪ್ ಚಹಾ ತರಿಸಿದ. 2020ರಲ್ಲಿ ನಿಯಮಕ್ಕೆ ತಿದ್ದುಪಡಿಯಾಗಿ, 2021ರ ಏಪ್ರಿಲ್ 1ರಿಂದ ಬರೀ ಸುರಕ್ಷತಾ ಗ್ಲಾಸ್ ಅಲ್ಲದೆ ಒಳಮೈಗೆ ಪ್ಲಾಸ್ಟಿಕ್ ಪದರ ಕೂಡಿಸಿದ ಗ್ಲಾಸಿಗೂ ಜಾಗ ಸಿಕ್ಕಿದೆ, ಐಎಸ್ 2553 ಅನ್ನುವ ಭಾರತೀಯ ಮಾನಕಕ್ಕೆ ಒಳಪಟ್ಟು. ಇದನ್ನೇ ಹಿಡಿದು 2024ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟ್, 70 ಮತ್ತು 50ರ ಮಿತಿಯೊಳಗಿನ ಫಿಲ್ಮ್ ಹಾಕಿದವರಿಗೆ ದಂಡ ಹಾಕುವಂತಿಲ್ಲ ಅಂದಿದೆ.

"ಅಂದ್ರ ಹಾಕಸಬಹುದು?"

"ಅದು ಕೇರಳದ ತೀರ್ಪಪಾ. ಬಿಸಲಾಗ ನಿಂತ ಪೊಲೀಸಪ್ಪಗ ನೀ ಅಲ್ಲೆ ತೀರ್ಪು ಓದಿ ಹೇಳ್ತೀಯೇನು? ಹಾಕಸೂದಾದ್ರ ಅಳತಿಯೊಳಗ ಹಾಕಸು, ಅಳದದ್ದಕ್ಕ ಕಾಗದ ಇಟಗೋ. ಕಣ್ಣಿಗೆ ಕರ್ರಗ ಕಾಣೂ ಹಂಗ ಹಾಕಸಬ್ಯಾಡ." ದಂಡವೇನೂ ದೊಡ್ಡದಲ್ಲ, ಮೋಟಾರು ವಾಹನ ಕಾಯ್ದೆಯ ಕಲಂ 177ರಲ್ಲಿ ಮೊದಲ ಸಲ 500, ಮತ್ತೆ ಸಿಕ್ಕರೆ 1,500 ರೂಪಾಯಿವರೆಗೆ. ದಂಡಕ್ಕಿಂತ ಬೇಜಾರು ನಡುರಸ್ತೆಯಲ್ಲಿ ಫಿಲ್ಮ್ ಕೀಳಿಸುವುದು. ಕಿತ್ತ ಮೇಲೆ ಗೋಂದು ಉಳಿಯುತ್ತದೆ, ಹಿಂದಿನ ಗ್ಲಾಸಿಗೆ ಮಂಜು ಕರಗಿಸುವ ಡಿಫಾಗರ್ ಗೆರೆ ಇರುವ ಗಾಡಿಯಾದರೆ ಆ ಗೆರೆಯೂ ಕಿತ್ತು ಬರಬಹುದು.

ಹೊರಡುವಾಗ ಬಾಗಿಲಲ್ಲಿ ನಿಂತು ಒಂದು ಮಾತು ಸೇರಿಸಿದ, ತಾಸಿನ ಭಾಷಣಕ್ಕಿಂತ ತೂಕದ ಮಾತು: "ಗಾಡಿ ಗ್ಲಾಸ್ ತಾನ ನೂರಕ್ಕ ನೂರು ಬೆಳಕು ಬಿಡ್ತೈತೇನು? ಅದನ್ನ ಮೊದಲ ಕೇಳು."

ಇದನ್ನು ನಾನು ಯೋಚಿಸಿರಲೇ ಇಲ್ಲ.

ಎರಡನೆಯ ಅಂಗಡಿ ಗೋಕುಲ ರೋಡಿನ ಕಡೆ. ಫಿಲ್ಮ್ ಹಚ್ಚುವುದೊಂದೇ ಅವರ ಕಸುಬು. ಮಾಲೀಕ ನನಗಿಂತ ಹತ್ತು ವರ್ಷ ಚಿಕ್ಕವ. ನಾನು ಬಾಯಿ ತೆರೆದು ಫಿಲ್ಮ್ ಬಗ್ಗೆ ಓದಿಕೊಂಡದ್ದನ್ನೆಲ್ಲ ಒಪ್ಪಿಸುವ ಮೊದಲೇ ಕೇಳಿದ: "ಸರ್, ನಿಮಗ ಕರ್ರಗ ಬೇಕೋ, ತಣ್ಣಗ ಬೇಕೋ? ಮೊದಲ ಅದನ್ನ ಹೇಳ್ರಿ."

ಎರಡೂ ಒಂದೇ ಅಲ್ಲವೇ ಅಂದೆ. ಅವನು ಏನೂ ಹೇಳದೆ ಒಂದು ಸ್ಟ್ಯಾಂಡಿನ ಹತ್ತಿರ ಕರೆದೊಯ್ದ. ಹಿಂದೆ ಕೆಂಪಗೆ ಉರಿಯುವ ಶಾಖದ ಬಲ್ಬು, ಮುಂದೆ ಬದಲಾಯಿಸಬಹುದಾದ ಗ್ಲಾಸಿನ ತುಂಡುಗಳು. ಮೊದಲು ಬರೀ ಗ್ಲಾಸು. ಅಂಗೈ ಹಿಡಿದರೆ ಸುಡುತ್ತದೆ. ಆಮೇಲೆ ಕಪ್ಪು ಬಣ್ಣದ ಫಿಲ್ಮ್. ತಂಪೆನ್ನಿಸಿತು. "ಕೈ ತಗೀಬ್ಯಾಡ್ರಿ" ಅಂದ. ಒಂದು ನಿಮಿಷವಾಗುವುದರೊಳಗೆ ಗ್ಲಾಸೇ ಕಾದು, ಅದರಿಂದಲೇ ಕಾವು ಕೈಗೆ ಬರತೊಡಗಿತು. ಮೂರನೆಯದು ಸೆರಾಮಿಕ್ ಫಿಲ್ಮ್, ಹಚ್ಚಿದ್ದಾರೋ ಇಲ್ಲವೋ ಅನ್ನುವಷ್ಟು ತಿಳಿ. ಅದರ ಹಿಂದೆ ಕೈ ಆರಾಮಾಗಿ ಇತ್ತು.

ಕಾರಣ ಅವನೇ ಬಿಡಿಸಿ ಹೇಳಿದ. ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳದ್ದು. ಅಗ್ಗದ ಕಪ್ಪು ಫಿಲ್ಮ್ ಮುಖ್ಯವಾಗಿ ತಡೆಯುವುದು ಕಾಣುವ ಬೆಳಕನ್ನು. ಅದೂ ಹಿಂದಕ್ಕೆ ಕಳಿಸುವುದಿಲ್ಲ, ತಾನೇ ಕುಡಿದು ಕಾಯುತ್ತದೆ. ಸೆರಾಮಿಕ್ ಫಿಲ್ಮಿನಲ್ಲಿರುವ ಸೂಕ್ಷ್ಮ ಕಣಗಳು ಬೆಳಕನ್ನು ಬಿಟ್ಟು ಅವಗೆಂಪನ್ನು ಹಿಡಿಯುತ್ತವೆ. ನಡುವೆ ಲೋಹದ ಪದರದ ಫಿಲ್ಮ್ ಅಂತ ಒಂದಿದೆ, ಶಾಖ ತಡೆಯುತ್ತದೆ, ಆದರೆ ಮೊಬೈಲ್ ಸಿಗ್ನಲ್ಲಿಗೂ ಅಡ್ಡ ಬರುತ್ತದೆ. ನಮ್ಮ ಹೊಲದಲ್ಲಿ ಮೊದಲೇ ಒಂದು ಕಡ್ಡಿ ನೆಟ್‌ವರ್ಕ್, ಅದನ್ನೂ ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ. ಇನ್ನು ಬಣ್ಣದ ಫಿಲ್ಮ್ ವರ್ಷಗಳ ಬಿಸಿಲಿಗೆ ನೇರಳೆಗೆ ತಿರುಗುತ್ತದೆ. ಹಳೆಯ ಟ್ಯಾಕ್ಸಿಗಳ ಆ ಜಾಮೂನ್ ಬಣ್ಣದ ಗ್ಲಾಸು ನೆನಪಿದೆಯಲ್ಲ, ನೇರಳೆ ಹಣ್ಣಿನ ಬಣ್ಣ? ಅದೇ.

ಮಗಳ ಗಲ್ಲದ ವಿಷಯ ಹೇಳಿದಾಗ ಇನ್ನೊಂದು ಸಂಗತಿ ತಿಳಿಯಿತು. ಗಾಡಿಯ ಮುಂದಿನ ಗ್ಲಾಸು ಎರಡು ಪದರದ್ದು, ನಡುವೆ ಪ್ಲಾಸ್ಟಿಕ್ ಹಾಳೆ. ಚರ್ಮಕ್ಕೆ ಕೆಡಕು ಮಾಡುವ ಅತಿನೇರಳೆ ಕಿರಣವನ್ನು ಆ ಹಾಳೆ ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಪಕ್ಕದ ಗ್ಲಾಸು ಒಂದೇ ಪದರ, ಅದರಲ್ಲಿ ಒಂದು ಬಗೆಯ ಅತಿನೇರಳೆ ಸಾಕಷ್ಟು ಒಳಗೆ ಬರುತ್ತದೆ. ಅವ್ವ ಮತ್ತು ನಾನು ಮುಂದೆ ಬಿಸಿಲಿಗೆ ಮುಖ ಕೊಟ್ಟು ಕೂತರೂ ಆಗದ ಉರಿ ಹಿಂದೆ ಕೂತವರಿಗೆ ಯಾಕೆ ಆಗುತ್ತಿತ್ತು ಅನ್ನುವುದಕ್ಕೆ ಎ.ಸಿ. ಒಂದೇ ಕಾರಣ ಅಲ್ಲ ಅಂತಾಯಿತು.

ಆಮೇಲೆ ಗ್ಲಾಸಿನಲ್ಲಿ ಶೇಕಡಾ ಎಷ್ಟು ಬೆಳಕು ಹಾಯುತ್ತದೆ ಅಂತ ಅಳೆಯುವ ಮೀಟರ್ ಬಂತು. ಅಂಗೈಯಷ್ಟು ಯಂತ್ರ, ಎರಡು ತುಂಡು, ಗ್ಲಾಸಿನ ಒಳಗೊಂದು ಹೊರಗೊಂದು ಹಿಡಿಯುವುದು. ಏನೂ ಹಚ್ಚದ ನನ್ನ ಗ್ಲಾಸು ತೋರಿಸಿದ್ದು 77. ಷಡ್ಡಕನ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಫಿಲ್ಮಿನ ನಂಬರು ಫಿಲ್ಮಿನದು ಮಾತ್ರ. ಗ್ಲಾಸಿನ ಜೊತೆ ಗುಣಿಸಬೇಕು. 77ರ ಗ್ಲಾಸಿಗೆ 50ರ ಫಿಲ್ಮ್ ಹಚ್ಚಿದರೆ ಉಳಿಯುವುದು 38ರ ಆಜುಬಾಜು. ಮೊದಲ ಅಂಗಡಿಯವನ ಪೂರಾ ಲೀಗಲ್ ಅನ್ನುವುದು ನಿಂತದ್ದು ಈ ಗುಣಾಕಾರ ಬಿಟ್ಟ ಲೆಕ್ಕದ ಮೇಲೆ. 70ರ ಫಿಲ್ಮ್ ಹಚ್ಚಿದರೆ 54 ಉಳಿಯುತ್ತದೆ, ಪಕ್ಕದ ಗ್ಲಾಸಿಗೆ ಸರಿ. ಹಿಂದಿನ ಗ್ಲಾಸಿಗೆ 70 ಉಳಿಯಬೇಕು. ಅದಕ್ಕೆ 90ರ ಫಿಲ್ಮ್, ಅಂದರೆ ನೀರಿನಂಥದ್ದು ಹಚ್ಚಿದರೂ 69ಕ್ಕೆ ಇಳಿಯುತ್ತದೆ. ಒಂದೇ ಒಂದು ಅಂಕ ಕಡಿಮೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ 34 ಬಂದ ಗೆಳೆಯನ ಮುಖ ನೆನಪಾಯಿತು.

ಹೀಗೆ ಹಿಂದಿನ ಗ್ಲಾಸು ಪಟ್ಟಿಯಿಂದ ಹೋಯಿತು. ಕಾನೂನು ಕೊಟ್ಟ ನೆಪ ನನಗೂ ಬೇಕಾಗಿತ್ತು. ಚಕ್ಕಡಿಯ ಮೂಕಿ ಕಣ್ಣ ಮುಂದೆ ಬಂದು ಹೋಯಿತು.

ಅವತ್ತು ಹಚ್ಚಿಸಲಿಲ್ಲ. ಮನೆಗೆ ಬಂದು, ಬಿಸಿಲು ಯಾವಾಗ ಎಲ್ಲಿಂದ ಬರುತ್ತದೆ ಅಂತ ಮಗಳ ಡ್ರಾಯಿಂಗ್ ಪುಸ್ತಕದಲ್ಲಿ ಗೆರೆ ಎಳೆದೆ. ಬೆಳಿಗ್ಗೆ ಧಾರವಾಡದಿಂದ ಹುಬ್ಬಳ್ಳಿ ಆಗ್ನೇಯಕ್ಕೆ, ಸೂರ್ಯ ಪೂರ್ವಕ್ಕೆ, ಬಿಸಿಲು ಮುಂದೆ ಎಡಕ್ಕೆ. ಹುಬ್ಬಳ್ಳಿಯಿಂದ ಅಣ್ಣಿಗೇರಿ ದಾಟಿ ಗದಗದವರೆಗೆ ನೇರ ಪೂರ್ವ, ಬಿಸಿಲು ಮುಖಕ್ಕೆ. ಗದಗದಿಂದ ಮುಂಡರಗಿ ಮತ್ತೆ ಆಗ್ನೇಯ, ಮತ್ತೆ ಎಡ. ಸಂಜೆ ವಾಪಸ್ ಬರುವಾಗಾದರೂ ಬಲಕ್ಕೆ ಬರಬೇಕಲ್ಲ? ಬರುವುದಿಲ್ಲ. ಗಾಡಿಯೂ ತಿರುಗಿದೆ, ಸೂರ್ಯನೂ ಆಚೆ ಹೋಗಿದ್ದಾನೆ. ವಾಯವ್ಯಕ್ಕೆ ಹೊರಟ ಗಾಡಿಗೆ ಪಶ್ಚಿಮದ ಸೂರ್ಯ ಪುನಃ ಎಡಕ್ಕೇ. ಹೋಗುವಾಗಲೂ ಎಡ, ಬರುವಾಗಲೂ ಎಡ. ಎರಡು ವರ್ಷ ಅದೇ ದಾರಿಯಲ್ಲಿ ಓಡಾಡಿದರೂ ನನಗಿದು ಹೊಳೆದಿರಲಿಲ್ಲ. ಮಗಳ ಗಲ್ಲಕ್ಕೆ ಗೊತ್ತಿತ್ತು.

ಹಾಗಾದರೆ ಅವಳನ್ನು ಬಲಕ್ಕೆ ಕೂರಿಸಿದರೆ ಖರ್ಚೇ ಇಲ್ಲ! ಈ ಮಹಾ ಉಪಾಯವನ್ನು ಊಟದ ಹೊತ್ತಿಗೆ ಹೊರಗೆಡವಿದೆ. "ಅಂದ್ರ ನಾ ಎಡಕ್ಕ ಕುಂಡರಬೇಕು, ಹೌದಲ್ರಿ?" ಅಂತ ಹೆಂಡತಿ ಪಲ್ಯದ ಸೌಟು ಹಿಡಿದು ಕೇಳಿದಳು. ಉಪಾಯ ಅಲ್ಲಿಗೆ ಮುಗಿಯಿತು. ಮಗಳದು ಬೇರೆ ತಕರಾರು: "ಅಪ್ಪಾ, ಕರಿ ಹಚ್ಚಿಸಿದ್ರ ನನ್ನ ಫ್ಯಾನ್ ಕಾಣ್ತಾವೇನು?" ಫ್ಯಾನ್ ಅಂದರೆ ಗದಗ ದಾಟಿದ ಮೇಲೆ ಗುಡ್ಡದ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳು. ಎಣಿಸುವುದು ಅವಳ ಕೆಲಸ, ಪ್ರತಿ ಸಲ ಬೇರೆ ಲೆಕ್ಕ ಬರುತ್ತದೆ. ಕಾಣುತ್ತಾವೆ, 54 ಉಳಿಯುತ್ತದೆ ಅಂದೆ. "54 ಫ್ಯಾನಾ?" ಅಂದಳು.

ಮುಂದಿನ ಶನಿವಾರ ಗೋಕುಲ ರೋಡಿಗೆ ಹೋಗಿ ಎಡಗಡೆ ಗ್ಲಾಸಿಗೆ ಮಾತ್ರ ಹಚ್ಚು ಅಂದೆ. ಮಾಲೀಕ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಒಂದ ಕಿವಿಗೆ ಬೆಂಡೋಲಿ ಹಾಕಿದಂಗ ಆಕ್ಕೈತ್ರಿ ಸರ್." ಎರಡೂ ಹಚ್ಚಿಸಿದೆ. ಮುಂದಿನ ಬಾಗಿಲಿನ ಗ್ಲಾಸುಗಳಿಗೆ ಬೇಡ ಅಂದದ್ದು ಅವನೇ, ವ್ಯಾಪಾರ ಬಿಟ್ಟುಕೊಟ್ಟು. ಹೊಲದ ಧೂಳಿನಲ್ಲಿ ಗ್ಲಾಸು ಏರಿಳಿಸಿದಷ್ಟು ಸಲ ರಬ್ಬರಿನಲ್ಲಿ ಕೂತ ಮಣ್ಣು ಫಿಲ್ಮನ್ನು ಗೀರುತ್ತದಂತೆ. ಹಿಂದಿನವು ಅಲುಗಾಡದ ಗ್ಲಾಸು, ಆ ಕಾಟವಿಲ್ಲ. ಇಳಿಯದ ಗ್ಲಾಸಿನಿಂದ ನನಗೆ ಸಿಕ್ಕ ಒಂದೇ ಉಪಕಾರ.

ಕೆಲಸ ಎರಡು ತಾಸು. ಅದರಲ್ಲಿ ಮುಕ್ಕಾಲು ತಾಸು ನನ್ನ ಹೆಂಡತಿ ಅಂಟಿಸಿದ್ದ ಟೇಪಿನ ಗೋಂದು ಕೆರೆಯುವುದಕ್ಕೇ ಹೋಯಿತು. ನೆಲಕ್ಕೆ ನೀರು ಹೊಡೆದು ಧೂಳು ಕೂರಿಸಿ ಶಟರ್ ಅರ್ಧ ಎಳೆದರು. ಹುಬ್ಬಳ್ಳಿಯ ಧೂಳಿಗೆ ಅರ್ಧ ಶಟರು ಯಾವ ಲೆಕ್ಕ? ಗ್ಲಾಸಿನ ಹೊರಮೈಗೆ ಸೋಪಿನ ನೀರು ಚಿಮುಕಿಸಿ ಫಿಲ್ಮ್ ಹರಡಿ ಅಳತೆಗೆ ಕತ್ತರಿಸಿದರು, ಹೀಟ್ ಗನ್ನಿನಿಂದ ಬಿಸಿ ಗಾಳಿ ಬಿಟ್ಟು ಬಾಗಿಗೆ ಕೂರಿಸಿದರು. ಆಮೇಲೆ ಹಿಂದಿನ ಹಾಳೆ ಸುಲಿದು ಒಳಗೆ ಹಚ್ಚಿ, ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ನೀರು ತಳ್ಳಿದರು. ರೊಟ್ಟಿ ಬಡಿಯುವ ಕೈಯ ಹಾಗೆ ಲಯವಿತ್ತು. ಬಲಗಡೆ ಗ್ಲಾಸಿನಲ್ಲಿ ಎಳ್ಳಿನಷ್ಟು ಧೂಳು ಒಳಗೇ ಉಳಿದುಬಿಟ್ಟಿತು. ಮತ್ತೆ ಮಾಡಿಕೊಡುತ್ತೇನೆ ಅಂದ, ನಾನೇ ಬೇಡ ಅಂದೆ. ಈಗ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಮೀಟರ್ ಹಿಡಿದು ತೋರಿಸಿದ: ಎಡ 54, ಬಲ 54. ಫೋಟೋ ತೆಗೆದುಕೊಂಡೆ, ಬಿಲ್ಲಿನ ಮೇಲೆ ಬರೆಸಿಕೊಂಡೆ, ಎರಡೂ ಆರ್‌ಸಿ ಜೊತೆ ಡ್ಯಾಶ್‌ಬೋರ್ಡಿನಲ್ಲಿವೆ. ಒಟ್ಟು 3,400 ರೂಪಾಯಿ, ಗೋಂದು ಕೆರೆದದ್ದಕ್ಕೆ 150 ಬೇರೆ. ಒಂದು ವಾರ ಮುಟ್ಟಬೇಡಿ, ನೀರಿನ ಗುಳ್ಳೆ ತಾವೇ ಆರುತ್ತವೆ ಅಂದಿದ್ದ. ಎರಡನೆಯ ದಿನವೇ ಮಗಳು ಒಂದು ಗುಳ್ಳೆಯನ್ನು ಬೆರಳಿನಿಂದ ಒತ್ತಿ ಮೂಲೆಯಲ್ಲಿ ಒಂದು ಸುಕ್ಕು ಮಾಡಿಟ್ಟಿದ್ದಾಳೆ.

ಬಿಸಿಲಲ್ಲಿ ಮೂರು ತಾಸು ನಿಲ್ಲಿಸಿದ ಗಾಡಿ ಈಗಲೂ ಬಾಗಿಲು ತೆಗೆದರೆ ಒಲೆಯೇ. ತಲೆಯ ಮೇಲಿನ ಹಾರ್ಡ್‌ಟಾಪಿನ ಕಾವಿಗೆ ಗ್ಲಾಸಿನ ಫಿಲ್ಮ್ ಏನು ಮಾಡೀತು? ವ್ಯತ್ಯಾಸ ಗೊತ್ತಾಗುವುದು ಓಡುವಾಗ, ಬಿಸಿಲು ಮೈಮೇಲೆ ಬಿದ್ದಾಗ. ಬೀಳುತ್ತದೆ, ಚುಚ್ಚುವುದಿಲ್ಲ. ಹಿಂದಿನ ಗ್ಲಾಸು ಮೊದಲಿನಂತೆಯೇ, ರಾತ್ರಿ ಒಡ್ಡು ಕಾಣುತ್ತದೆ, ಚಕ್ಕಡಿ ಕಾಣುತ್ತದೆ. ಖದರ್ ಮಾತ್ರ ಬರಲಿಲ್ಲ. ಗೆಳೆಯನ ಗಾಡಿ ಪಕ್ಕ ನಿಲ್ಲಿಸಿದಾಗ ಈಗಲೂ ಸಣ್ಣಗೆ ಹೊಟ್ಟೆ ಉರಿಯುತ್ತದೆ.

ಹಚ್ಚಿಸಿಕೊಂಡು ಬಂದ ಸಂಜೆ ಹೆಂಡತಿ ಗಾಡಿಯ ಸುತ್ತ ಎರಡು ಸುತ್ತು ಹಾಕಿದಳು.

"ಎಲ್ಲೈತ್ರಿ?"

"ಅಲ್ಲೇ ಐತಲ್ಲ, ಎರಡೂ ಕಡೆ."

"ರೊಕ್ಕ ತಗೊಂಡು ಗ್ಲಾಸ್ ವರಸಿ ಕೊಟ್ಟಾನೇನ್ ಮತ್ತ?"

ಏಪ್ರಿಲ್ ಕೊನೆಗೆ ಮತ್ತೆ ಮುಂಡರಗಿ. ವಾಪಸ್ ಬರುವಾಗ ಮಗಳು 41 ಫ್ಯಾನ್ ಎಣಿಸಿ ಅಲ್ಲೇ ಗ್ಲಾಸಿಗೆ ತಲೆ ಆನಿಸಿ ನಿದ್ದೆ ಹೋದಳು. ಗದಗ ಹತ್ತಿರ ಬರುವಾಗ ಹಿಂದೆ ಪೇಪರ್ ಬಿಡಿಸುವ ಸದ್ದು ಕೇಳಿತು. ನನ್ನ ಎದೆ ಧಸಕ್ಕೆಂದಿತು, 3,400 ರೂಪಾಯಿ ಕಣ್ಣ ಮುಂದೆ ಬಂತು.

"ಮತ್ತ ಪೇಪರ್ ಅಂಟಸಾಕತ್ತೀ ಏನ?"

"ಇಲ್ರಿ, ಓದಾಕತ್ತೀನಿ."